ಮಹಾಪೌರರೇ, ಸೈಕಲ್ ದಾರಿ ಉದ್ಯಮಬಾಗದ ಕಡೆಗೂ ಬರಲಿ

ಬೆಳಗಾವಿಯ ಮಾನ್ಯ ಮಹಾಪೌರರಿಗೆ ನಮಸ್ಕಾರ.

ನಾನು ವಡಗಾವಿಯವನು. ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇಥ್ (ಲೋಹ ಕಡೆಯುವ ಯಂತ್ರ) ಮೇಲೆ ಕೆಲಸ. 16 ವರ್ಷದಿಂದ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮ ಬೆಳಗಾವಿ ಬಂದಾಗ ತುಂಬಾ ಖುಷಿಪಟ್ಟಿದ್ದೆ. ಆದರೆ ಸೈಕಲ್ ದಾರಿ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅಗಲವಾದ, ನೋಡಲು ಚೆಂದದ ರಸ್ತೆಗಳ ಕಡೆಗೇ. ಬೆಳಿಗ್ಗೆ ವ್ಯಾಯಾಮಕ್ಕೆ ಸೈಕಲ್ ಹೊಡೆಯುವವರಿಗೂ ದಾರಿ ಬೇಕು, ಬೇಡ ಅನ್ನುವುದಿಲ್ಲ. ಆದರೆ ಶಹಾಪುರ, ವಡಗಾವಿ, ಅನಗೋಳದಿಂದ ಫೌಂಡ್ರಿಗೆ, ಮಶೀನ್ ಶಾಪಿಗೆ ಡಬ್ಬಿ ಕಟ್ಟಿಕೊಂಡು ಹೊರಡುವವರು ಲಾರಿ, ಟೆಂಪೊಗಳ ನಡುವೆ ನುಸುಳಿಕೊಂಡೇ ಹೋಗಬೇಕು, ಅಲ್ವಾ?

ಕಳೆದ ಜುಲೈ ಮಳೆಯಲ್ಲಿ ಹಿಂದೆ ಬಂದ ಟೆಂಪೊಗೆ ಜಾಗ ಬಿಡಲು ರಸ್ತೆ ಅಂಚಿಗೆ ಸರಿದೆ. ನೀರಿನಡಿ ಗಟಾರದ ಕಬ್ಬಿಣದ ಜಾಲರಿ ಇತ್ತು. ಅದರ ಸರಳುಗಳು ನಾವು ಹೋಗುವ ದಿಕ್ಕಿಗೇ ಉದ್ದುದ್ದ, ಸಂದು ಟೈರಿಗಿಂತ ಅಗಲ. ಮುಂದಿನ ಚಕ್ರ ಸೀದಾ ಒಳಗಿಳಿಯಿತು. ಸರಳು ಅಡ್ಡಡ್ಡ ಇದ್ದಿದ್ದರೆ ಚಕ್ರ ಮೇಲೆಯೇ ಉರುಳಿ ಹೋಗುತ್ತಿತ್ತು. ರೊಟ್ಟಿ ಪಲ್ಯ ನೀರುಪಾಲು, ಎಡಗೈಗೆ ಮೂರು ವಾರ ಪಟ್ಟಿ, ಅಷ್ಟು ದಿನದ ಪಗಾರವೂ ಇಲ್ಲ.

ಇನ್ನು ಮಕ್ಕಳ ವಿಷಯ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ನನ್ನ ಅಕ್ಕನ ಮಗಳಿಗೂ ಒಂದು ಬಂತು. ದೊಡ್ಡ ರಸ್ತೆ ದಾಟಬೇಕಲ್ಲ ಅಂತ ಅಕ್ಕ ಕಳಿಸಲೇ ಇಲ್ಲ, ಸೈಕಲ್ ಹಿತ್ತಲಲ್ಲೇ ತುಕ್ಕು ಹಿಡಿಯಿತು.

ನನ್ನ ಕೋರಿಕೆ ಇಷ್ಟೇ. ಸೈಕಲ್ ದಾರಿಯ ನಕ್ಷೆ ಬರೆಯುವ ಮೊದಲು ಬೆಳಿಗ್ಗೆ ಏಳೂವರೆಗೆ, ಸಂಜೆ ಪಾಳಿ ಬಿಡುವ ಹೊತ್ತಿಗೆ, ಯಾವ ರಸ್ತೆಯಲ್ಲಿ ಎಷ್ಟು ಸೈಕಲ್ ಹೋಗುತ್ತವೆ ಅಂತ ನಿಮ್ಮ ಕಡೆಯ ಜನರನ್ನು ನಿಲ್ಲಿಸಿ ಎಣಿಸಿ. ಸುಮ್ನೆ ಬಣ್ಣದ ಪಟ್ಟಿ ಎಳೆದರೆ ಮಧ್ಯಾಹ್ನದೊಳಗೆ ಅದು ಕಾರು ನಿಲ್ಲಿಸುವ ಜಾಗ ಆಗುತ್ತದೆ, ನಡುವೆ ಕಲ್ಲಿನ ಅಂಚು ಬೇಕೇ ಬೇಕು. ಸರ್ಕಲ್ ಬಂದ ಕೂಡಲೇ ದಾರಿ ನಿಂತುಹೋಗಬಾರದು, ನಮಗೆ ಜಾಸ್ತಿ ಭಯ ಅಲ್ಲೇ. ದುಡ್ಡು ಸಾಲದಿದ್ದರೆ ಈ ವರ್ಷ ಜಾಲರಿಗಳನ್ನಾದರೂ ಅಡ್ಡ ತಿರುಗಿಸಿ ಕೂರಿಸಿ. ರಸ್ತೆಯ ಜಾಗ ಹಂಚುವಾಗ ವಾಹನಕ್ಕಿಂತ ಜನರನ್ನು ಮೊದಲು ನೋಡಬೇಕು ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಇದೆ.

ಒಂದು ದಿನ ಬೆಳಿಗ್ಗೆ ಎಂಜಿನಿಯರ್ ಸಾಹೇಬರನ್ನೂ ಕರೆದುಕೊಂಡು ವಡಗಾವಿಗೆ ಬನ್ನಿ. ಸೈಕಲ್ ನಾನು ಹೊಂದಿಸುತ್ತೇನೆ. ಉದ್ಯಮಬಾಗದವರೆಗೆ ಜೊತೆಗೇ ಹೋಗೋಣ, ಆ ಜಾಲರಿ ಎಲ್ಲಿದೆ ಅಂತ ತೋರಿಸುತ್ತೇನೆ.

ಇಂತಿ,
ವಡಗಾವಿಯ ಒಬ್ಬ ಲೇಥ್ ಕೆಲಸಗಾರ