ಬಾಗಿಲಲ್ಲಿ ಯಾರಾದರೂ ಕಾಯುತ್ತಿರಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ವರದಿ ಒಳಪುಟಗಳಲ್ಲಿದೆ. ಇಲ್ಲಿ ನಾನು ಬರೆಯುತ್ತಿರುವುದು ಲಂಡನ್ನಿನ ಒಂದು ಹಳೆಯ ಕ್ಲಬ್ಬಿನ ಬಗ್ಗೆ. ಅಲ್ಲಿಗೆ ಹೋಗಿಬಂದ ಮೇಲೆ ನಮ್ಮ ಸಂಘದ ಬಗ್ಗೆಯೇ ಜಾಸ್ತಿ ಯೋಚನೆ ಶುರುವಾಗಿದೆ, ಅದಕ್ಕೆ.

ವೈಟ್‌ಹಾಲ್ ಪ್ಲೇಸ್‌ನಲ್ಲಿ ಬ್ರಿಟನ್ನಿನ ಲಿಬರಲ್ (ಉದಾರವಾದಿ) ಪಕ್ಷದವರು ಶುರು ಮಾಡಿದ ನ್ಯಾಷನಲ್ ಲಿಬರಲ್ ಕ್ಲಬ್ಬಿಗೆ ಸ್ನೇಹಿತರೊಬ್ಬರು ಊಟಕ್ಕೆ ಕರೆದಿದ್ದರು. ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಿಂದ ತೀರಾ ಹತ್ತಿರ. ನಿಮ್ಮಲ್ಲಿ ಎಷ್ಟೋ ಜನ ಆಫೀಸಿಗೆ ಹೋಗುವಾಗ ಆ ಕಟ್ಟಡದ ಪಕ್ಕದಲ್ಲೇ ನಡೆದಿರುತ್ತೀರಿ, ಆದರೆ ಒಳಗೇನಿದೆ ಅಂತ ನೋಡಿರುವುದಿಲ್ಲ, ಯಾಕೆಂದರೆ ಸದಸ್ಯರ ಜೊತೆಯಿಲ್ಲದೆ ಸುಮ್ನೆ ಒಳಗೆ ಹೋಗುವ ಹಾಗಿಲ್ಲ.

ಕಟ್ಟಡವೇ ಒಂದು ಕಥೆ. ಕ್ಲಬ್ ಶುರುವಾಗಿದ್ದು 1882ರಲ್ಲಿ. 1884ರಲ್ಲಿ ಆಗಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅಡಿಗಲ್ಲು ಹಾಕಿದರು, 1887ರಲ್ಲಿ ಬಾಗಿಲು ತೆರೆಯಿತು. ಕಟ್ಟಿದವರು ಆಲ್ಫ್ರೆಡ್ ವಾಟರ್‌ಹೌಸ್. ನಾವೆಲ್ಲ ಮಕ್ಕಳನ್ನು ಡೈನೋಸಾರ್ ತೋರಿಸೋಕೆ ಕರೆದುಕೊಂಡು ಹೋಗ್ತೀವಲ್ಲ, ಆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕಟ್ಟಿದವರೂ ಇವರೇ. ಒಳಗಿನ ಗೋಡೆ, ಕಂಬಗಳಿಗೆಲ್ಲ ಹೊಳೆಯುವ ಟೈಲ್ಸ್. ಲಂಡನ್ ಆಗ ಕಲ್ಲಿದ್ದಲ ಹೊಗೆಯ ಊರು, ಟೈಲ್ಸ್ ಆದರೆ ಒರೆಸಿದರೆ ಸಾಕು, ಮಸಿ ಹೋಗುತ್ತದೆ. ನೆಲಮಾಳಿಗೆಯಲ್ಲಿ ವೈನ್ ಇಡುವ ಜಾಗವಂತೂ 1865ರಲ್ಲಿ ಥೇಮ್ಸ್ ನದಿಯ ಕೆಳಗೆ ಗಾಳಿಯ ಒತ್ತಡದಿಂದ ರೈಲು ಓಡಿಸಬೇಕು ಅಂತ ತೋಡಿದ ಕಾಲುವೆ. ದುಡ್ಡು ಸಾಲದೆ ಆ ರೈಲು ನಿಂತುಹೋಯಿತು, ಕಾಲುವೆ ಕ್ಲಬ್ಬಿನ ಪಾಲಾಯಿತು. ದೊಡ್ಡ ಮೆಟ್ಟಿಲು ಈಗ ಇರುವುದು ಹಳೆಯದಲ್ಲ. 1941ರ ಮೇ ತಿಂಗಳಲ್ಲಿ ಬಾಂಬ್ ಬಿದ್ದು ಅದು ಪೂರ್ತಿ ಹಾಳಾಗಿ, ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದಾರೆ.

ನನ್ನ ಮನಸ್ಸಿನಲ್ಲಿ ಉಳಿದಿದ್ದು ಮಾತ್ರ ಇದಲ್ಲ, ಅಲ್ಲಿನ ಅತಿಥಿಯ ನಿಯಮ. ಕರೆದವರು ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಪುಸ್ತಕದಲ್ಲಿ ಹೆಸರು ಬರೆಸಿದರು, ಕೋಟು ಎಲ್ಲಿ ಇಡಬೇಕು ಅಂತ ತೋರಿಸಿದರು, ಎದುರಿಗೆ ಸಿಕ್ಕ ಪ್ರತಿಯೊಬ್ಬ ಸದಸ್ಯರಿಗೂ ನಮ್ಮ ಹೆಸರು, ಊರು ಹೇಳಿ ಪರಿಚಯ ಮಾಡಿಸಿದರು. ನಮ್ಮ ದುಡ್ಡು ಅಲ್ಲಿ ನಡೆಯುವುದೇ ಇಲ್ಲ, ಎಲ್ಲ ಅವರ ಲೆಕ್ಕಕ್ಕೇ. ಇಂಥ ಕ್ಲಬ್ಬುಗಳಲ್ಲಿ ಅತಿಥಿಯನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಅದು ಮೂಲದಲ್ಲಿ ಹೊರಗಿನವರ ಮೇಲೆ ಒಂದು ಕಣ್ಣಿಡುವ ನಿಯಮ ಇರಬಹುದು. ಆದರೆ ಅನುಭವಿಸುವವರಿಗೆ ಅದು ಬೇರೆಯೇ ಥರ. ಗುರುತಿಲ್ಲದ ದೊಡ್ಡ ಹಾಲಿನಲ್ಲಿ ಒಂದು ನಿಮಿಷವೂ ನಾನು ಗೋಡೆ ನೋಡಿಕೊಂಡು ನಿಲ್ಲಬೇಕಾಗಲಿಲ್ಲ.

ಈ ಕ್ಲಬ್ಬಿಗೂ ಭಾರತಕ್ಕೂ ಇರುವ ನಂಟು ನಿಮಗೆ ಗೊತ್ತಿರಲೇಬೇಕು. 1880ರ ದಶಕದಲ್ಲೇ ದಾದಾಭಾಯಿ ನವರೋಜಿ ಇಲ್ಲಿನ ಸದಸ್ಯರು. 1886ರಲ್ಲಿ ಅವರು ಹೋಬರ್ನ್‌ನಿಂದ ಪಾರ್ಲಿಮೆಂಟಿಗೆ ನಿಂತು ಸೋತಿದ್ದರು. ಎರಡು ವರ್ಷ ಬಿಟ್ಟು ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ ಎಡಿನ್‌ಬರೋದಲ್ಲಿ ಭಾಷಣ ಮಾಡುತ್ತಾ, ಒಬ್ಬ ಕರಿಯನನ್ನು ಇಂಗ್ಲಿಷರು ಆರಿಸುವ ಕಾಲ ಇನ್ನೂ ಬಂದಿಲ್ಲ ಅನ್ನುವ ಅರ್ಥದ ಮಾತಾಡಿದರು. ದೇಶವೆಲ್ಲ ಗದ್ದಲವಾಯಿತು. ಆಗ ಈ ಕ್ಲಬ್ ಏನು ಮಾಡಿತು ಗೊತ್ತಾ? 1889ರ ಜನವರಿಯಲ್ಲಿ ನವರೋಜಿಯವರ ಗೌರವಕ್ಕೆ ಔತಣ ಇಟ್ಟಿತು. ಪ್ರಧಾನಿ ಯಾರನ್ನು ಹೀಗಳೆದರೋ ಅವರನ್ನೇ ಎಲ್ಲರೆದುರು ಕರೆದು ಕೂರಿಸಿ ಊಟ ಹಾಕಿದರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ನವರೋಜಿ ಗೆದ್ದರು, ಬರೀ 5 ಮತಗಳಿಂದ. ಒಂದು ಊಟದಿಂದ ಅವರು ಗೆದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಯಾರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ ಅನ್ನುವುದು ಸಣ್ಣ ವಿಷಯ ಅಲ್ಲ, ಅದನ್ನು ಊರೆಲ್ಲ ನೋಡುತ್ತಿರುತ್ತದೆ.

ಹಾಗಂತ ಕ್ಲಬ್ಬುಗಳನ್ನು ಹೊಗಳುತ್ತಾ ಕೂರುವ ಮನಸ್ಸೂ ನನಗಿಲ್ಲ. ಹೆಂಗಸರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳೋಕೆ ಈ ಉದಾರವಾದಿಗಳ ಕ್ಲಬ್ಬಿಗೂ 1976ರ ತನಕ ಬೇಕಾಯಿತು, ಲಂಡನ್ನಿನ ದೊಡ್ಡ ಕ್ಲಬ್ಬುಗಳಲ್ಲಿ ಅದೇ ಮೊದಲು! ರಿಫಾರ್ಮ್ ಕ್ಲಬ್ 1981ರಲ್ಲಿ ಒಪ್ಪಿತು. ಗ್ಯಾರಿಕ್ ಕ್ಲಬ್ ಒಪ್ಪಿದ್ದು 2024ರಲ್ಲಿ, ಅಂದರೆ ಮೊನ್ನೆ ಮೊನ್ನೆ. ನಮ್ಮ ದೇಶದ ಕ್ಲಬ್ಬುಗಳೂ ಕಡಿಮೆಯಿಲ್ಲ. ಬರಿಗಾಲಲ್ಲಿ ಬಂದರು ಅಂತ ಚಿತ್ರಕಾರ ಎಂ. ಎಫ್. ಹುಸೇನ್ ಅವರನ್ನು 1988ರಲ್ಲಿ ಮುಂಬಯಿಯ ಒಂದು ಕ್ಲಬ್ ಬಾಗಿಲಿಂದಲೇ ವಾಪಸ್ ಕಳಿಸಿತ್ತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ತಡೆಯಿತು. ತಮಿಳುನಾಡು ಸರ್ಕಾರ ಅದೇ ವರ್ಷ ಕಾನೂನು ಮಾಡಿ ಇಂಥ ತಡೆಯನ್ನು ತೆಗೆದುಹಾಕಿತು. ಒಳ್ಳೆಯ ಕೆಲಸ. ನಮ್ಮ ಅಜ್ಜಂದಿರು ಉಟ್ಟ ಬಟ್ಟೆ ನಮ್ಮದೇ ನೆಲದಲ್ಲಿ ಮರ್ಯಾದೆಗೆ ಕಡಿಮೆ ಅನ್ನುವುದನ್ನು ಯಾಕೆ ಸಹಿಸಬೇಕು, ಅಲ್ವಾ?

ಬೆಂಗಳೂರಿನದೂ ಒಂದು ಕಥೆ ಇದೆ. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳಿಗಾಗಿ ಶುರುವಾದ ಕ್ಲಬ್ ಈಗಿನ ಬೆಂಗಳೂರು ಕ್ಲಬ್. ಯುವಕ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದ ಲೆಕ್ಕ 1899ರ ಅಲ್ಲಿನ ಪುಸ್ತಕದಲ್ಲಿ ಇವತ್ತಿಗೂ ಇದೆ. (ಅದೇ ಚರ್ಚಿಲ್ ಮುಂದೆ ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ಬಿನ ಸದಸ್ಯರೂ ಆದರು, ಅವರ ದೊಡ್ಡ ಚಿತ್ರ ಅಲ್ಲಿದೆ.) ಬಾಕಿ ಕೊಡದವರಿಗೆ ಬಾಗಿಲು ತೆರೆದಿತ್ತು, ಊರಿನವರಿಗೆ ಮುಚ್ಚಿತ್ತು. ಹಾಗಾಗಿ 1917ರಲ್ಲಿ, ದಿವಾನರಾಗಿದ್ದಾಗ, ಸರ್ ಎಂ. ವಿಶ್ವೇಶ್ವರಯ್ಯನವರು ನೂರು ಸದಸ್ಯರನ್ನು ಸೇರಿಸಿ ಸೆಂಚುರಿ ಕ್ಲಬ್ ಕಟ್ಟಿದರು. ಮೈಸೂರು ಮಹಾರಾಜರು ಕಬ್ಬನ್ ಪಾರ್ಕಿನಲ್ಲಿ ಜಾಗ ಕೊಟ್ಟರು. ಬಾಗಿಲು ಬಡಿಯುತ್ತಾ ನಿಲ್ಲುವ ಬದಲು ಬೇರೆ ಮನೆ ಕಟ್ಟಿಕೊಂಡರು.

ನಮ್ಮ ಕನ್ನಡ ಸಂಘಗಳೂ ಹೀಗೇ ಹುಟ್ಟಿದವು. ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಬಂದ ಡಾಕ್ಟರುಗಳು, ಇಂಜಿನಿಯರುಗಳು, ಅವರ ಮನೆಯವರು, ವಾರಪೂರ್ತಿ ಬೇರೆ ಭಾಷೆಯಲ್ಲಿ ಬದುಕಿ ಭಾನುವಾರ ಒಬ್ಬರ ಮನೆಯ ಹಾಲಿನಲ್ಲಿ ಸೇರಿ ಬಿಸಿಬೇಳೆಬಾತ್ ಮಾಡಿ, ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟು ಶುರು ಮಾಡಿದ್ದು. ಆಗ ಬಂದವರೆಲ್ಲರಿಗೂ ಎಲ್ಲರ ಗುರುತೂ ಇತ್ತು. ಬಾಗಿಲು ತೆರೆಯುವವರೇ ಚಪ್ಪಲಿ ಇಲ್ಲಿಡಿ ಅನ್ನುತ್ತಾ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಈಗ ನಾವು ಶಾಲೆಯ ಹಾಲ್ ಬಾಡಿಗೆಗೆ ಹಿಡಿಯುತ್ತೇವೆ. ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಪಟ್ಟಿ, ಕೈಗೆ ಒಂದು ಬ್ಯಾಂಡು. ಅಷ್ಟೇ. ಹೊಸಬರು ಒಳಗೆ ಬಂದರೆ ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲಿ ಬೆನ್ನು ಮಾಡಿ ನಿಂತಿರುತ್ತಾರೆ. ಕಳೆದ ಯುಗಾದಿಯಲ್ಲಿ ನಾನು ಕಣ್ಣಾರೆ ನೋಡಿದೆ: ಒಬ್ಬ ಹುಡುಗಿ, ಮಾಸ್ಟರ್ಸ್ ಓದಲು ಬಂದವಳು, ಬೇವುಬೆಲ್ಲ ತಗೊಂಡು, ಕಾರ್ಯಕ್ರಮ ಮುಗಿಯುವ ತನಕ ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ ಹೋದಳು. ಮಾತಾಡಿಸೋಣ ಅಂತ ನಾನು ವೇದಿಕೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವಳು ಹೊರಟಾಗಿತ್ತು. ಹಬ್ಬದ ದಿನ ಒಂದು ಮಾತಾದರೂ ಕನ್ನಡದಲ್ಲಿ ಆಡೋಣ ಅಂತ ಎಲ್ಲಿಂದಲೋ ರೈಲು ಹಿಡಿದು ಬಂದಿರುತ್ತಾರೆ. ಹಣ ಕಟ್ಟಿ ಬರುತ್ತಾರೆ, ನಮ್ಮವರೇ ಆಗಿ ಬರುತ್ತಾರೆ. ನನಗೆ ಇದು ನಿಜವಾಗಿ ಸಂಕಟದ ವಿಷಯ.

ಅವಳೊಬ್ಬಳೇ ಅಲ್ಲ. ಕೇರ್ ಹೋಮ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ. ಗಂಡನ ಅಥವಾ ಹೆಂಡತಿಯ ವೀಸಾದ ಮೇಲೆ ಬಂದು ಮನೆಯಲ್ಲೇ ಇರುವವರಿದ್ದಾರೆ. ಕಾಸರಗೋಡು, ಹೊಸೂರು, ಸೊಲ್ಲಾಪುರದ ಕಡೆಯಿಂದ ಬಂದ ಕನ್ನಡಿಗರಿದ್ದಾರೆ, ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರಿದ್ದಾರೆ. ಕಲಬುರಗಿಯ ಒಬ್ಬರು ನನಗೆ ಹೇಳಿದರು, ನಮ್ಮ ಮಾತು ಕೇಳಿ ಯಾರಾದರೂ ನಕ್ಕಾರು ಅಂತ ಸಂಘಕ್ಕೆ ಬರೋಕೆ ಹಿಂಜರಿಕೆ ಆಗ್ತದ್ರಿ ಅಂತ. ಅವರಿಗೆ ಹೀಗನ್ನಿಸುವ ಹಾಗೆ ನಾವು ಇರಲೇಬಾರದು.

ಕ್ಲಬ್ಬಿನ ಟೈಲ್ಸ್, ವೈನು, ಶುಲ್ಕ ಯಾವುದೂ ನಮಗೆ ಬೇಡ. ಸೇರಬೇಕಾದರೆ ಇಬ್ಬರು ಸದಸ್ಯರು ಹೆಸರು ಸೂಚಿಸಬೇಕು ಅನ್ನುವ ಪದ್ಧತಿಯಂತೂ ಬೇಡವೇ ಬೇಡ. ಆ ಒಂದು ನಿಯಮ ಮಾತ್ರ ಬೇಕು: ಹೊಸದಾಗಿ ಬಂದವರನ್ನು ಒಬ್ಬರನ್ನೇ ಬಿಡಬಾರದು. ಕಾರ್ಯಕಾರಿ ಸಮಿತಿಯಲ್ಲಿ ಇದನ್ನು ಇಟ್ಟಾಗ, ಅಷ್ಟು ಜನ ಎಲ್ಲಿಂದ ತರೋದು ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪಾತ್ರೆ ಎತ್ತಲು, ಮೈಕ್ ಹಿಡಿಯಲು, ಕುರ್ಚಿ ಹಾಕಲು ನಮಗೆ ಜನ ಸಿಗುತ್ತಾರೆ. ಇದಕ್ಕೂ ಸಿಗುತ್ತಾರೆ ಅನ್ನುವುದು ನನ್ನ ನಂಬಿಕೆ, ಯಾಕೆಂದರೆ ನಮ್ಮಲ್ಲಿ ಬಹಳಷ್ಟು ಜನ ಒಂದು ಕಾಲದಲ್ಲಿ ಹಾಗೆ ಒಬ್ಬರೇ ಬಂದು ನಿಂತವರೇ.

ಈ ರಾಜ್ಯೋತ್ಸವದಿಂದ ಶುರು ಮಾಡೋಣ. ನೋಂದಣಿ ಫಾರ್ಮಿನಲ್ಲಿ "ಮೊದಲ ಸಲ ಬರುತ್ತಿದ್ದೀರಾ?" ಅನ್ನುವ ಒಂದು ಸಾಲು ಸೇರಿಸಿದ್ದೇವೆ. ಹೌದು ಅಂದವರಿಗೆ ನಮ್ಮ ಒಂದು ಮನೆಯವರು ಮೊದಲೇ ಫೋನ್ ಮಾಡುತ್ತಾರೆ, ಬಾಗಿಲಲ್ಲಿ ಕಾಯುತ್ತಾರೆ, ಕನಿಷ್ಠ ನಾಲ್ಕು ಜನಕ್ಕೆ ಪರಿಚಯ ಮಾಡಿಸುತ್ತಾರೆ, ಊಟಕ್ಕೆ ಜೊತೆಯಲ್ಲಿ ಕೂರುತ್ತಾರೆ. ವಿದ್ಯಾರ್ಥಿಗಳಿಗೆ ಆ ದಿನ ಊಟದ ಹಣ ಬೇಡ ಅಂತ ಸಮಿತಿ ಒಪ್ಪಿದೆ. ಹಿರಿಯರೇ, ಈ ಕೆಲಸಕ್ಕೆ ನಿಮಗಿಂತ ಒಳ್ಳೆಯವರಿಲ್ಲ. ಮಕ್ಕಳೂ ಸೇರಬಹುದು, ಕನ್ನಡ ತಡವರಿಸಿದರೂ ಪರವಾಗಿಲ್ಲ. ಹೆಸರು ಕೊಡುವವರು ಈ ತಿಂಗಳ ಕೊನೆಯೊಳಗೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿ, ಯಾವ ಊರಿನ ಕಡೆಯವರು ಅಂತಲೂ ಬರೆಯಿರಿ, ಹತ್ತಿರದ ಊರಿನವರನ್ನೇ ಜೊತೆ ಮಾಡೋಕೆ ಅನುಕೂಲ.