ಲ್ಯಾಬ್‌ನಲ್ಲಿ ಪಳಗಿದ ಕೈಗಳನ್ನು ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಬಂತು. ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ತಿರುಗಿ ಬೀಳದಂತೆ ತಡೆಯುವ ಟಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಕುರಿತ ಕೆಲಸ ಅದು. ನಾನು ವಿಶ್ವವಿದ್ಯಾಲಯವೊಂದರ ಇಮ್ಯುನಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಅದೇ ಕೋಶಗಳನ್ನು ಇಲಿಯ ಗುಲ್ಮದಿಂದ ಬೇರ್ಪಡಿಸುವುದು ನನ್ನ ಕೆಲಸ.

ಗುಲ್ಮವನ್ನು ಸಣ್ಣ ಜರಡಿಯ ಮೇಲೆ ಮೆಲ್ಲಗೆ ಉಜ್ಜಬೇಕು. ಕೆಂಪು ರಕ್ತಕಣಗಳನ್ನು ಒಡೆದು ತೊಳೆಯಬೇಕು. ಆಮೇಲೆ ಹೊಳೆಯುವ ಬಣ್ಣ ಸೇರಿಸಿದ ಆ್ಯಂಟಿಬಾಡಿ (ನಮಗೆ ಬೇಕಾದ ಕೋಶವನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್) ಹಾಕಿ, ಐಸ್ ಮೇಲೆ ಕತ್ತಲಲ್ಲಿ ಇಡಬೇಕು. ಬೆಳಕು ತಾಗಿದರೆ ಬಣ್ಣ ಮಂಕಾಗುತ್ತದೆ. ನಂತರ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಒಂದೊಂದೇ ಕೋಶವನ್ನು ಲೇಸರ್ ಮುಂದೆ ಹಾಯಿಸಿ, ಅದರ ಹೊಳಪನ್ನು ಗ್ರಾಫ್‌ನಲ್ಲಿ ತೋರಿಸುತ್ತದೆ. ಸತ್ತ ಕೋಶಗಳು ಜಾಸ್ತಿಯಿದ್ದರೆ ಆ್ಯಂಟಿಬಾಡಿ ಅವಕ್ಕೆ ಸುಮ್ನೆ ಅಂಟಿಕೊಳ್ಳುತ್ತದೆ. ಆಗ ಗ್ರಾಫ್ ಸುಳ್ಳು ಹೇಳುತ್ತದೆ. ಅದನ್ನು ಗುರುತಿಸುವ ಕಣ್ಣು ಕೈಪಿಡಿ ಓದಿದರೆ ಬರುವುದಿಲ್ಲ. ಇನ್ನು, 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಬೆಳೆಯುವ ಕೋಶಗಳಿಗೆ ಭಾನುವಾರ ಅಂತ ಒಂದಿದೆ ಎಂದೇ ಗೊತ್ತಿಲ್ಲ!

ಆದರೆ ನಮ್ಮ ನೌಕರಿ ಪ್ರಾಜೆಕ್ಟ್ ಹಣ ಇರುವಷ್ಟು ದಿನ ಮಾತ್ರ. ಅನುದಾನ ಮುಗಿದರೆ ಕೈ ಪಳಗಿದವರು ಹೊರಗೆ. ಹೊಸಬರು ಮೊದಲಿನಿಂದ ಕಲಿಯಬೇಕು. ಅಷ್ಟರಲ್ಲಿ ಹಾಳಾಗುವ ಆ್ಯಂಟಿಬಾಡಿ ಅಗ್ಗದ್ದಲ್ಲ. ಇಲಿಗಳ ಜೀವವೂ ವ್ಯರ್ಥ ಅಲ್ವಾ?

ಪ್ರತಿ ವಿಭಾಗದಲ್ಲೂ ಕೆಲವಾದರೂ ಕಾಯಂ ಟೆಕ್ನಿಷಿಯನ್ ಹುದ್ದೆಗಳಿರಲಿ. ಪ್ರಯೋಗ ರೂಪಿಸಿ, ಫಲಿತಾಂಶ ವಿಶ್ಲೇಷಿಸಿದ ಟೆಕ್ನಿಷಿಯನ್ ಹೆಸರು ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಬರಲಿ. ಕೊನೆಯ ಕೃತಜ್ಞತೆಯ ಸಾಲು ಸಾಲದು.

– ಒಬ್ಬ ಲ್ಯಾಬ್ ಟೆಕ್ನಿಷಿಯನ್