ಆ ಒಂದು ಸಾಲನ್ನು ಮತ್ತೆ ಬರಿ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಯೇಸುವಿನ ತಾಯಿ ಮರಿಯಳು ಹುಟ್ಟಿದ ದಿನದ ಮೊಂತಿ ಹಬ್ಬದ ಭಾಗ ತುಂಬಾ ಚೆನ್ನಾಗಿದೆ. ಸೆಪ್ಟೆಂಬರ್ 8ರಂದು ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಸಾಲಾಗಿ ಬಂದು ಬಾಲ ಮರಿಯಳ ಪ್ರತಿಮೆಗೆ ಹಾಕುವುದು, ಹೊಸ ತೆನೆ ಮನೆಗೆ ಬರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆದರೆ ಅದರ ಕೆಳಗೇ ‘ಕ್ಯಾಥೊಲಿಕರಿಗೆ ಮರಿಯಳೇ ದೇವರು, ಪ್ರಾಟೆಸ್ಟೆಂಟರಿಗೆ ಆಕೆ ಬೇಡ’ ಅಂತ ಬರೆದಿದ್ದೀಯ. ಎರಡೂ ತಪ್ಪು.

ಕ್ಯಾಥೊಲಿಕರು ಆರಾಧನೆಯನ್ನು ದೇವರಿಗೊಬ್ಬನಿಗೇ ಇಟ್ಟಿದ್ದಾರೆ. ಮರಿಯಳ ಹತ್ತಿರ ಕೇಳುವುದು ‘ನಮಗಾಗಿ ಪ್ರಾರ್ಥಿಸು’ ಅಂತ. ಪ್ರಾಟೆಸ್ಟೆಂಟರ ತಕರಾರು ಆ ಕೇಳುವುದರ ಬಗ್ಗೆ, ಆಕೆಯ ಬಗ್ಗೆ ಅಲ್ಲ. 431ರಲ್ಲಿ ಬಿಷಪರು ಸೇರಿದ್ದ ಎಫೆಸ ಮಹಾಸಭೆ ಒಪ್ಪಿದ ‘ದೇವಮಾತೆ’ ಎಂಬ ಹೆಸರನ್ನು ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಕೂಡ ಬಿಡಲಿಲ್ಲ.

ನಾನೂ ನಿನ್ನ ವಯಸ್ಸಿನಲ್ಲಿ ಎಡವಿದ್ದೆ. ‘ಅಮಲೋದ್ಭವ’ ಅಂದರೆ ಯೇಸು ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದ್ದು ಅಂತ ಬರೆದು ಅಚ್ಚಿಗೂ ಕೊಟ್ಟೆ. ವಯಸ್ಸಾದ ಫಾದರ್ ಒಬ್ಬರು ಕರೆದು, ಕಾಫಿ ಕೊಟ್ಟು, ತಿದ್ದಿದರು. ಅದು ಯೇಸುವಿನ ಬಗ್ಗೆ ಅಲ್ಲ, ಮರಿಯಳ ಬಗ್ಗೆಯೇ ಹೇಳುವ ಮಾತು. ತಾಯಿಯ ಹೊಟ್ಟೆಯಲ್ಲಿ ಮೂಡಿದ ಗಳಿಗೆಯಿಂದಲೇ ಆಕೆಗೆ ಜನ್ಮಪಾಪ ಇರಲಿಲ್ಲ ಎಂಬ ನಂಬಿಕೆ. 1854ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಸಾರಿದ್ದು. ಪೂರ್ವದ ಹಳೆಯ ಸಭೆಗಳವರು, ಅಂದರೆ ಆರ್ಥೊಡಾಕ್ಸರು, ಅದನ್ನು ಸಿದ್ಧಾಂತವಾಗಿ ಒಪ್ಪುವುದಿಲ್ಲ.

ಇನ್ನೊಂದು. ಮಾರ್ಕನ ಸುವಾರ್ತೆ 6:3ರಲ್ಲಿ ಯೇಸುವಿನ ಸಹೋದರರ ಹೆಸರಿದೆ: ಯಾಕೋಬ, ಯೋಸೆ, ಯೂದ, ಸಿಮೋನ. ಮರಿಯಳ ಮಕ್ಕಳೇ ಅನ್ನುತ್ತಾರೆ ಹೆಚ್ಚಿನ ಪ್ರಾಟೆಸ್ಟೆಂಟರು. ಯೋಸೇಫನ ಮೊದಲ ಹೆಂಡತಿಯ ಮಕ್ಕಳು ಅನ್ನುತ್ತಾರೆ ಆರ್ಥೊಡಾಕ್ಸರು. ಹತ್ತಿರದ ನೆಂಟರು ಅನ್ನುತ್ತಾರೆ ಕ್ಯಾಥೊಲಿಕರು. ನಮಗೆ ಇದು ಬೇಗ ಅರ್ಥವಾಗುತ್ತದೆ, ದೊಡ್ಡಪ್ಪನ ಮಗನೂ ನಮಗೆ ಅಣ್ಣನೇ ಅಲ್ವಾ? ಆದರೆ ಗ್ರೀಕಿನಲ್ಲಿ ಅಂಥ ನೆಂಟನಿಗೆ ಬೇರೆ ಪದವೇ ಇತ್ತಲ್ಲ ಅಂತ ಪ್ರಾಟೆಸ್ಟೆಂಟರು ಕೇಳುತ್ತಾರೆ.

ಇಲ್ಲೇ ಸೆಮಿನರಿಯ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯ, ಓದು ಬೇಕಾಗುವುದು. ದೇವರು ಕರೆದವನಿಗೆ ಕಾಲೇಜು ಯಾಕೆ ಅಂತ ಕೇಳುವವರಿದ್ದಾರೆ. ಅವರ ಭಕ್ತಿ ನಿಜವಾದದ್ದೇ. ಆದರೂ ಆ ಮಾತು ನಾನು ಒಪ್ಪುವುದಿಲ್ಲ. ಓದದ ಬೋಧಕ ಸುಮ್ನೆ ಒಂದು ವಚನ ಹಿಡಿದು ಪಕ್ಕದ ಮನೆಯವರನ್ನು ವಿಗ್ರಹಾರಾಧಕರು ಅಂದುಬಿಟ್ಟರೆ, ನೋಯುವುದು ಆ ಮನೆಯ ಅಜ್ಜಿ. ಕ್ಯಾಥೊಲಿಕ್ ಪಾದ್ರಿಯಾಗಲು ತತ್ವಶಾಸ್ತ್ರ, ದೇವಶಾಸ್ತ್ರ ಸೇರಿ 6 ವರ್ಷವಾದರೂ ಓದಬೇಕು. 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಸೆಮಿನರಿ ಕಟ್ಟಿ ಅಂತ ಬಿಷಪರಿಗೆ ಹೇಳಿದ್ದೂ ಓದಿಲ್ಲದ ಪಾದ್ರಿಗಳನ್ನು ನೋಡಿಯೇ.

ನೀನಿರುವುದು ಮಂಗಳೂರಿನಲ್ಲಿ. ಜೆಪ್ಪುವಿನಲ್ಲಿ ಕ್ಯಾಥೊಲಿಕ್ ಸೆಮಿನರಿ ಇದೆ, ಬಲ್ಮಠದಲ್ಲಿ ಪ್ರಾಟೆಸ್ಟೆಂಟರ ದೇವಶಾಸ್ತ್ರ ಕಾಲೇಜು. ಎರಡೂ ಕಡೆ ಹೋಗಿ ಪಾಠ ಮಾಡುವವರನ್ನು ಕಾಣು. ಕ್ಯಾಥೊಲಿಕರ ನಂಬಿಕೆ ಬರೆದ ಪುಟವನ್ನು ಜೆಪ್ಪುವಿನಲ್ಲಿ ಓದಿ ಹೇಳು, ಪ್ರಾಟೆಸ್ಟೆಂಟರದನ್ನು ಬಲ್ಮಠದಲ್ಲಿ. ‘ಹೌದು, ನಾವು ನಂಬುವುದು ಇದನ್ನೇ’ ಅಂತ ಇಬ್ಬರೂ ಅಂದ ಮೇಲೆ ನನಗೆ ಕಳಿಸು.

ನಿನ್ನ ಅಕ್ಕ